ರೋಬೋಟ್ ಕಲಿಸುವ ಪಾಠ: ಮೊದಲು ಕೆಲಸ ಸರಿಪಡಿಸಿ, ಆಮೇಲೆ ಯಂತ್ರ ತನ್ನಿ

(ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರಿಂದ)



ಈಚೆಗೆ ಒಂದು ಸಂಘದ ಸಭೆಯಲ್ಲಿ ರಾಸುಗಳ ಆರೋಗ್ಯದ ಬಗ್ಗೆ ಮಾತನಾಡಿ ಕುಳಿತೆ. ಹಿಂದಿನ ಸಾಲಿನಲ್ಲಿದ್ದ ಯುವಕನೊಬ್ಬ ಎದ್ದು ನಿಂತ. ಅವನು ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ತಂದೆಗೆ ವಯಸ್ಸಾಯಿತೆಂದು ಊರಿಗೆ ಮರಳಿದವನು. ಮನೆಯಲ್ಲಿ ನಾಲ್ಕು ಮಿಶ್ರತಳಿ ಹಸುಗಳಿವೆ. "ಸಾರ್, ನಾನಿದ್ದ ಕಡೆ ರೋಬೋಟ್ ಕೈಗಳೇ ಬೆಸುಗೆ ಹಾಕುತ್ತಿದ್ದವು. ಹೊರದೇಶದಲ್ಲಿ ಹಾಲನ್ನೂ ರೋಬೋಟೇ ಕರೆಯುತ್ತದಂತೆ. ನಮ್ಮವ್ವ ಇನ್ನೂ ಕುಕ್ಕರುಗಾಲಲ್ಲಿ ಕೂತು ಕರೀತಾಳೆ. ಸಾಲ ಮಾಡಿಯಾದರೂ ಯಂತ್ರ ತರಬೇಡವೇ?" ಎಂದು ಕೇಳಿದ.

ಸಭೆಯಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಇಂಥದೇ ಪ್ರಶ್ನೆಗೆ ಹಿಂದೊಮ್ಮೆ ನಾನು ಅವಸರದ ಉತ್ತರ ಕೊಟ್ಟು ಒಂದು ಕುಟುಂಬಕ್ಕೆ ನಷ್ಟವಾದದ್ದು ನೆನಪಾಯಿತು. ಅದನ್ನು ಮುಂದೆ ಹೇಳುತ್ತೇನೆ. ಅಂದು ಸಮಯ ಸಾಲದೆ ಅರ್ಧಕ್ಕೇ ನಿಂತ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ರೋಬೋಟ್ ಎಂದರೇನು?

ರೋಬೋಟ್ ಎಂದರೆ ಮನುಷ್ಯನ ಆಕಾರದ ಗೊಂಬೆ ಎಂದು ಅನೇಕರು ತಿಳಿದಿದ್ದಾರೆ. ಕಾರ್ಖಾನೆಯ ರೋಬೋಟ್ ಹಾಗಿರುವುದಿಲ್ಲ. ಅದು ಭುಜ, ಮೊಣಕೈ, ಮಣಿಕಟ್ಟುಗಳಂತೆ ಹಲವು ಕಡೆ ಬಾಗುವ ಒಂದು ಕಬ್ಬಿಣದ ತೋಳು. ಎಲ್ಲಿಂದ ಎತ್ತಬೇಕು, ಎಲ್ಲಿಗೆ ಇಡಬೇಕು, ಎಲ್ಲಿ ಬೆಸುಗೆ ಹಾಕಬೇಕು ಎಂದು ಒಮ್ಮೆ ಕಲಿಸಿದರೆ ಅದೇ ಕೆಲಸವನ್ನು ಅದೇ ಅಳತೆಯಲ್ಲಿ ಸಾವಿರಾರು ಸಲ ಮಾಡುತ್ತದೆ. ಬೇರೆ ಕೆಲಸ ಬೇಕಾದರೆ ಮತ್ತೆ ಕಲಿಸಬಹುದು. ಸಾಮಾನ್ಯ ಯಂತ್ರಕ್ಕೂ ರೋಬೋಟ್‌ಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಅಮೆರಿಕದ ಜಾರ್ಜ್ ಡೆವೋಲ್ ಎಂಬವರು 1954ರಲ್ಲಿ ಇಂಥ ತೋಳಿಗೆ ಪೇಟೆಂಟ್ ಅರ್ಜಿ ಹಾಕಿದರು. ಜೋಸೆಫ್ ಎಂಗಲ್‌ಬರ್ಗರ್ ಅವರೊಡನೆ ಸೇರಿ ತಯಾರಿಸಿದ 'ಯೂನಿಮೇಟ್' ಎಂಬ ರೋಬೋಟ್ 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿತು. ಅಚ್ಚಿನಿಂದ ಹೊರಬರುವ ಕಾದ ಲೋಹದ ಬಿಡಿಭಾಗಗಳನ್ನು ಎತ್ತಿಡುವುದು ಅದರ ಕೆಲಸ. ಮನುಷ್ಯರ ಕೈ ಸುಡುತ್ತಿದ್ದ ಜಾಗಕ್ಕೆ ಮೊದಲ ರೋಬೋಟ್ ಬಂತು ಎಂಬುದನ್ನು ಗಮನಿಸಿ.

'ಲೀನ್' ಎಂದರೆ ಬಡಕಲು ಅಲ್ಲ

ಕಾರ್ಖಾನೆಗಳಲ್ಲಿ ಈಗ 'ಲೀನ್' ಉತ್ಪಾದನೆ ಎಂಬ ಮಾತು ಬಳಕೆಯಲ್ಲಿದೆ. ಲೀನ್ ಎಂದರೆ ಬೊಜ್ಜಿಲ್ಲದ್ದು. ಪಶುಪಾಲಕರಿಗೆ ಇದನ್ನು ಹೇಳುವುದು ಸುಲಭ. ಪಕ್ಕೆಲುಬು ಎಣಿಸುವಂತಿರುವ ಬಡಕಲು ಹಸು ಒಳ್ಳೆಯದಲ್ಲ. ಹಾಗೆಯೇ ಕರು ಹಾಕುವ ಹೊತ್ತಿಗೆ ಅತಿಯಾಗಿ ಕೊಬ್ಬಿದ ಹಸುವೂ ಒಳ್ಳೆಯದಲ್ಲ. ಅದಕ್ಕೆ ಹೆರಿಗೆ ಕಷ್ಟ. ಕರು ಹಾಕಿದ ಮೇಲೆ ಮೇವು ಬಿಟ್ಟು ಕೀಟೋಸಿಸ್ ರೋಗಕ್ಕೆ ತುತ್ತಾಗುತ್ತದೆ. ಬೇಕಾದಷ್ಟು ಮೈ ಇರಬೇಕು, ಬೇಡದ ಕೊಬ್ಬು ಇರಬಾರದು. ಕಾರ್ಖಾನೆಗೂ ಇದೇ ಮಾತು ಅನ್ವಯಿಸುತ್ತದೆ.

ಈ ಪದ್ಧತಿ ಬೆಳೆದದ್ದು ಜಪಾನಿನ ಟೊಯೋಟ ಕಂಪನಿಯಲ್ಲಿ. ಎರಡನೇ ಮಹಾಯುದ್ಧದ ನಂತರ ಅವರ ಬಳಿ ಬಂಡವಾಳ ಕಡಿಮೆ ಇತ್ತು, ಜಾಗ ಕಡಿಮೆ ಇತ್ತು. ದೊಡ್ಡ ಯಂತ್ರ ಕೊಳ್ಳುವ, ದಾಸ್ತಾನು ಪೇರಿಸುವ ಶಕ್ತಿ ಇರಲಿಲ್ಲ. ಒಂದು ರೀತಿಯಲ್ಲಿ ನಮ್ಮ ಸಣ್ಣ ರೈತರ ಸ್ಥಿತಿಯೇ. ಅಲ್ಲಿನ ತಾಯಿಚಿ ಓನೋ ಎಂಬ ಎಂಜಿನಿಯರರು ಯಂತ್ರ ಕೊಳ್ಳುವ ಮೊದಲು ಪೋಲನ್ನು ಹುಡುಕಿದರು. 1988ರಲ್ಲಿ ಸಂಶೋಧಕರು ಈ ಪದ್ಧತಿಗೆ 'ಲೀನ್' ಎಂಬ ಹೆಸರಿಟ್ಟರು.

ಏಳು ಬಗೆಯ ಪೋಲು

ಓನೋ ಅವರು ಪೋಲನ್ನು ಏಳು ಬಗೆಯಾಗಿ ವಿಂಗಡಿಸಿದರು. ಪ್ರತಿಯೊಂದಕ್ಕೂ ನಮ್ಮ ಕೊಟ್ಟಿಗೆಯಲ್ಲೇ ಉದಾಹರಣೆ ಸಿಗುತ್ತದೆ.

1. ಬೇಕಾದ್ದಕ್ಕಿಂತ ಹೆಚ್ಚು, ಬೇಕಾದ ಸಮಯಕ್ಕಿಂತ ಮೊದಲು ಮಾಡುವುದು: ವ್ಯಾನ್ ಬರುವುದಕ್ಕೆ ಎರಡು ಗಂಟೆ ಮೊದಲೇ ಹಾಲು ಕರೆದು ಕ್ಯಾನಿನಲ್ಲಿ ಇಡುವುದು. ಬೆಚ್ಚಗಿನ ಹಾಲಿನಲ್ಲಿ ರೋಗಾಣುಗಳು ಅರ್ಧ ಗಂಟೆಯೊಳಗೆ ದುಪ್ಪಟ್ಟಾಗಬಲ್ಲವು.

2. ಕಾಯುವಿಕೆ: ಬೆದೆಗೆ ಬಂದ ಹಸುವನ್ನು ಗಮನಿಸದೆ ಬಿಟ್ಟರೆ ಮತ್ತೆ 21 ದಿನ ಕಾಯಬೇಕು. ನಾಲ್ಕು ಹಸುಗಳಲ್ಲಿ ಒಂದೊಂದು ಬೆದೆ ತಪ್ಪಿದರೆ ಒಟ್ಟು 84 ದಿನಗಳ ಮೇವು ವ್ಯರ್ಥವಾದಂತೆ.

3. ಅನಗತ್ಯ ಸಾಗಣೆ: ಹುಲ್ಲಿನ ಬಣವೆ ಒಂದು ಮೂಲೆ, ಕೊಟ್ಟಿಗೆ ಇನ್ನೊಂದು ಮೂಲೆ.

4. ಅನಗತ್ಯ ಸಂಸ್ಕರಣೆ: ಒಣ ಹಸುವಿಗೂ ಹಾಲು ಕೊಡುವ ಹಸುವಿನಷ್ಟೇ ಪಶು ಆಹಾರ ಹಾಕುವುದು.

5. ದಾಸ್ತಾನು: ಹಳೆಯ ಮೂಟೆ ಹಿಂದೆ ಉಳಿದು ಹೊಸ ಮೂಟೆ ಮೊದಲು ಖರ್ಚಾಗುವುದು. ತಳದ ಮೂಟೆಗೆ ಬೂಷ್ಟು ಹಿಡಿದರೆ ಅದರ ವಿಷ ಹಾಲಿಗೂ ಬರುತ್ತದೆ.

6. ಅನಗತ್ಯ ಓಡಾಟ: ಹಗ್ಗಕ್ಕೊಮ್ಮೆ, ಬಕೆಟ್ಟಿಗೊಮ್ಮೆ, ಬಟ್ಟೆಗೊಮ್ಮೆ ಎದ್ದು ಹೋಗುವುದು. ಕೆಚ್ಚಲು ತೊಳೆದು ಸವರಿದ ಸುಮಾರು ಒಂದು ನಿಮಿಷಕ್ಕೆ ಹಸು ಸೊರೆ ಬಿಡುತ್ತದೆ. ಆ ಗುಣ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತಿನಲ್ಲಿ ನೀವು ಬಕೆಟ್ ಹುಡುಕುತ್ತಿದ್ದರೆ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ.

7. ದೋಷ: ಒಡೆದ ಹಾಲು, ಕೆಚ್ಚಲು ಬಾವಿನ ಹಾಲು, ಸಂಘದಲ್ಲಿ ತಿರಸ್ಕೃತವಾದ ಹಾಲು.

ಇದರಲ್ಲಿ ಯಾವುದಕ್ಕೂ ರೋಬೋಟ್ ಬೇಕಿಲ್ಲ ಎಂಬುದು ನಿಮಗೀಗಲೇ ಹೊಳೆದಿರಬಹುದು. ಹಾಗಾದರೆ ರೋಬೋಟ್‌ಗೆ ಇಲ್ಲಿ ಕೆಲಸವೇನು?

ತಾನಾಗಿ ನಿಲ್ಲುವ ಮಗ್ಗ

ಟೊಯೋಟ ಮನೆತನದ ಹಿರಿಯರಾದ ಸಕಿಚಿ ಟೊಯೋದ ಅವರು ಮಗ್ಗ ತಯಾರಿಸುತ್ತಿದ್ದವರು. ಅವರ 1924ರ ಸ್ವಯಂಚಾಲಿತ ಮಗ್ಗದಲ್ಲಿ ಒಂದು ವಿಶೇಷವಿತ್ತು. ನೂಲು ತುಂಡಾದ ಕೂಡಲೇ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಅದಿಲ್ಲದ ಮಗ್ಗ ನೂಲು ತುಂಡಾದರೂ ನೇಯುತ್ತಲೇ ಹೋಗಿ ಗಜಗಟ್ಟಲೆ ಕೆಟ್ಟ ಬಟ್ಟೆ ಮಾಡುತ್ತದೆ. ತಾನಾಗಿ ನಿಲ್ಲುವ ಮಗ್ಗಕ್ಕೆ ಕಾವಲು ಬೇಡ. ಆದ್ದರಿಂದ ಒಬ್ಬರೇ ಅನೇಕ ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು.

ಈ ತತ್ವಕ್ಕೆ ಜಪಾನಿನಲ್ಲಿ 'ಜಿಡೋಕಾ' ಎನ್ನುತ್ತಾರೆ. ಮನುಷ್ಯನ ವಿವೇಕ ಬೆರೆತ ಯಂತ್ರ ಎಂದು ಅರ್ಥ ಮಾಡಿಕೊಳ್ಳಬಹುದು. ತಪ್ಪು ಕಂಡಲ್ಲೇ ನಿಲ್ಲಬೇಕು, ತಪ್ಪನ್ನು ಮುಂದಿನವರಿಗೆ ದಾಟಿಸಬಾರದು. ಟೊಯೋಟ ಕಾರ್ಖಾನೆಗಳಲ್ಲಿ ಕೆಲಸಗಾರರು ದೋಷ ಕಂಡರೆ ಹಗ್ಗ ಎಳೆಯುತ್ತಾರೆ. ದೀಪ ಹತ್ತಿ ಮೇಲ್ವಿಚಾರಕರು ಓಡಿ ಬರುತ್ತಾರೆ. ಕೂಡಲೇ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ.

ಲೀನ್ ಪದ್ಧತಿಯಲ್ಲಿ ರೋಬೋಟ್‌ಗಳನ್ನು ಮುಖ್ಯವಾಗಿ ಮೂರು ಕಡೆ ನಿಲ್ಲಿಸುತ್ತಾರೆ. ಮೊದಲನೆಯದು ಅಪಾಯದ ಮತ್ತು ಬೆನ್ನು ಮುರಿಯುವ ಕೆಲಸ, ಉದಾಹರಣೆಗೆ ಕಾರಿನ ಮೈಗೆ ಬೆಸುಗೆ, ಬಣ್ಣ ಸಿಂಪಡಣೆ, ಭಾರ ಎತ್ತುವುದು. ದೊಡ್ಡ ಡೇರಿಗಳಲ್ಲಿ ತುಂಬಿದ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸುವ ಕೆಲಸವೂ ಈ ಜಾತಿಯದು. ಎರಡನೆಯದು, ಪ್ರತಿ ಸಲವೂ ಕೂದಲೆಳೆಯಷ್ಟೂ ಬದಲಾಗದಂತೆ ಮಾಡಬೇಕಾದ ಕೆಲಸ. ಮೂರನೆಯದು ತಪಾಸಣೆ, ಅಂದರೆ ಕ್ಯಾಮೆರಾ ಕಣ್ಣಿನಿಂದ ಪ್ರತಿಯೊಂದು ವಸ್ತುವನ್ನೂ ನೋಡಿ ದೋಷವಿದ್ದರೆ ಬದಿಗಿಡುವುದು.

ಮೊದಲು ರೋಬೋಟ್‌ಗಳನ್ನು ಬೇಲಿಯೊಳಗೇ ಇಡಬೇಕಾಗಿತ್ತು. ಜನ ಹತ್ತಿರ ಹೋದರೆ ಅಪಾಯ. 2008ರಲ್ಲಿ ಡೆನ್ಮಾರ್ಕಿನ ಒಂದು ಕಂಪನಿ, ಜನರ ಪಕ್ಕದಲ್ಲೇ ಕೆಲಸ ಮಾಡುವ, ತಗುಲಿದರೆ ನಿಲ್ಲುವ ಹಗುರ ರೋಬೋಟ್ ಮಾರಾಟಕ್ಕೆ ತಂದಿತು. ಇದನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗಿಸಬಹುದು. ಹಾಗಾಗಿ ಸಣ್ಣ ಕಾರ್ಖಾನೆಗಳಿಗೂ ರೋಬೋಟ್ ಎಟುಕತೊಡಗಿದೆ. ನಮ್ಮ ರಾಜ್ಯದಲ್ಲಿ ಬಿಡದಿಯ ಟೊಯೋಟ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಈ ಪದ್ಧತಿಯ ಪರಿಚಯ ಸುತ್ತಲಿನ ಹಳ್ಳಿಯ ಮಕ್ಕಳಿಗೂ ಆಗುತ್ತಿದೆ.

ದುಬಾರಿಯಾದ ಪಾಠ

ರೋಬೋಟ್ ತಂದ ಮಾತ್ರಕ್ಕೆ ಲಾಭವಾಗುತ್ತದೆಯೇ? ಇದಕ್ಕೆ ಉತ್ತರ ಅಮೆರಿಕದಲ್ಲೇ ಇದೆ. 1980ರ ದಶಕದಲ್ಲಿ ಜನರಲ್ ಮೋಟಾರ್ಸ್ ಕಂಪನಿ ಜಪಾನಿನ ಪೈಪೋಟಿ ಎದುರಿಸಲು ಕೋಟ್ಯಂತರ ಡಾಲರ್ ಸುರಿದು ರೋಬೋಟ್‌ಗಳನ್ನು ತಂದಿತು. 1985ರಲ್ಲಿ ಡೆಟ್ರಾಯ್ಟ್‌ನ ಹ್ಯಾಮ್‌ಟ್ರಾಮಿಕ್‌ನಲ್ಲಿ ಆರಂಭವಾದ ಹೊಸ ಕಾರ್ಖಾನೆಯಲ್ಲಿ ರೋಬೋಟ್‌ಗಳು ಕಾರಿಗೆ ಬಳಿಯುವ ಬದಲು ಒಂದಕ್ಕೊಂದು ಬಣ್ಣ ಬಳಿದುಕೊಂಡವೆಂದು ವರದಿಗಳು ಬಂದವು.

ಅದೇ ಕಾಲದಲ್ಲಿ, 1984ರಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮುಚ್ಚಿಹೋಗಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು ಟೊಯೋಟ ಜೊತೆಗೂಡಿ ಮತ್ತೆ ತೆರೆಯಲಾಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ಯಂತ್ರಗಳು ಹ್ಯಾಮ್‌ಟ್ರಾಮಿಕ್‌ನಷ್ಟು ಆಧುನಿಕವಲ್ಲ. ಬದಲಾದದ್ದು ಕೆಲಸದ ಕ್ರಮ. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಕಂಪನಿಯ ಉಳಿದ ಕಾರ್ಖಾನೆಗಳನ್ನು ನಾಚಿಸುವಂತಾಯಿತು.

2010ರಲ್ಲಿ ಆ ಜಂಟಿ ಉದ್ಯಮ ಮುಚ್ಚಿ, ಅದೇ ಕಟ್ಟಡವನ್ನು ಟೆಸ್ಲಾ ಕಂಪನಿ ಕೊಂಡಿತು. ಅಲ್ಲಿ ಹೊಸ ಕಾರಿಗಾಗಿ ವಿಪರೀತ ರೋಬೋಟ್‌ಗಳನ್ನು ತುಂಬಿ ಉತ್ಪಾದನೆ ಕುಂಠಿತವಾದಾಗ, ಅತಿಯಾದ ಯಂತ್ರೀಕರಣ ತಪ್ಪಾಯಿತೆಂದು 2018ರಲ್ಲಿ ಅದರ ಮುಖ್ಯಸ್ಥ ಎಲಾನ್ ಮಸ್ಕ್ ಅವರೇ ಒಪ್ಪಿಕೊಂಡರು.

ಇದರಿಂದ ತಿಳಿಯುವುದಿಷ್ಟು. ಕ್ರಮವಿಲ್ಲದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಅದು ತಪ್ಪನ್ನೇ ವೇಗವಾಗಿ ಮಾಡುತ್ತದೆ.

ನನ್ನಿಂದಾದ ತಪ್ಪು

ಕೆಲವು ವರ್ಷಗಳ ಹಿಂದೆ ಆರು ಹಸು ಸಾಕಿದ ಒಂದು ಕುಟುಂಬಕ್ಕೆ ಹಾಲು ಕರೆಯುವ ಯಂತ್ರ ಕೊಳ್ಳಿರೆಂದು ನಾನೇ ಸಲಹೆ ಮಾಡಿದ್ದೆ. ಮನೆಯ ಯಜಮಾನಿಗೆ ಕೈಬೆರಳುಗಳ ನೋವು. ಎರಡು ಹೊತ್ತೂ ಆಕೆಯೇ ಕರೆಯಬೇಕಾಗಿತ್ತು. ಯಂತ್ರದಿಂದ ಅನುಕೂಲವಾಗುತ್ತದೆಂದು ಹೇಳಿ ಬಂದೆ. ಆದರೆ ಅವರು ಹಾಲು ಕರೆಯುವ ಕ್ರಮ ಹೇಗಿದೆ ಎಂದು ಒಂದು ಹೊತ್ತೂ ಕೂತು ನೋಡಲಿಲ್ಲ.

ಆ ಮನೆಯಲ್ಲಿ ಎಲ್ಲ ಹಸುಗಳ ಕೆಚ್ಚಲನ್ನೂ ಒಂದೇ ಬಟ್ಟೆಯಿಂದ ಒರೆಸುತ್ತಿದ್ದರು. ಮೊದಲ ಧಾರೆಗಳನ್ನು ಬೇರೆ ಹಿಂಡಿ ನೋಡುವ ಅಭ್ಯಾಸವಿರಲಿಲ್ಲ. ಕೈಯಲ್ಲಿ ಕರೆಯುವಾಗ ಬಿಸಿಯಾದ ತೊಟ್ಟು, ಗಂಟುಗಂಟಾದ ಹಾಲು ಆಕೆಯ ಬೆರಳಿಗೇ ತಿಳಿಯುತ್ತಿತ್ತು. ಯಂತ್ರ ಬಂದ ಮೇಲೆ ಒಂದು ಹಸುವಿನ ಕೆಚ್ಚಲು ಬಾವು ಯಾರಿಗೂ ತಿಳಿಯದೆ ಅದೇ ರಬ್ಬರ್ ನಳಿಕೆಗಳ ಮೂಲಕ ಉಳಿದವಕ್ಕೆ ಹರಡಿತು. ಹಾಲು ಮುಗಿದ ಮೇಲೂ ಯಂತ್ರ ಎಳೆಯುತ್ತಲೇ ಇದ್ದುದರಿಂದ ತೊಟ್ಟುಗಳಿಗೆ ಪೆಟ್ಟಾಯಿತು. ಮೂರು ತಿಂಗಳಲ್ಲಿ ಮೂರು ಹಸುಗಳಿಗೆ ಬಾವು. ಒಂದು ಹಸುವಿನ ಎರಡು ತೊಟ್ಟುಗಳು ಶಾಶ್ವತವಾಗಿ ಒಣಗಿದವು. ಅದನ್ನು ಸಿಕ್ಕ ಬೆಲೆಗೆ ಮಾರಿದರು. ಯಂತ್ರದ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. "ಕೈಗೆ ಗೊತ್ತಾಗ್ತಿತ್ತು ಸಾರ್, ಮಿಷನ್ನಿಗೆ ಗೊತ್ತಾಗಲಿಲ್ಲ" ಎಂದರು ಆ ತಾಯಿ.

ಯಂತ್ರದಲ್ಲಿ ದೋಷವಿರಲಿಲ್ಲ. ಕ್ರಮದಲ್ಲಿತ್ತು, ನನ್ನ ಸಲಹೆಯಲ್ಲಿತ್ತು. ನಂತರ ಮೊದಲ ಧಾರೆ ಪರೀಕ್ಷೆ, ಹಸುವಿಗೊಂದು ಬಟ್ಟೆ, ಬಾವಿರುವ ಹಸುವನ್ನು ಕೊನೆಯಲ್ಲಿ ಕೈಯಿಂದಲೇ ಕರೆಯುವುದು, ಕಾಲಕಾಲಕ್ಕೆ ರಬ್ಬರ್ ಬದಲಿಸುವುದು, ಇಷ್ಟನ್ನು ರೂಢಿ ಮಾಡಿದೆವು. ಈಗ ಅದೇ ಮನೆಯಲ್ಲಿ ಅದೇ ಯಂತ್ರ ಚೆನ್ನಾಗಿ ನಡೆಯುತ್ತಿದೆ.

ಹಾಲು ಕರೆಯುವ ರೋಬೋಟ್

ಹಾಲು ಕರೆಯುವ ರೋಬೋಟ್ ಇರುವುದು ನಿಜ. 1992ರಲ್ಲಿ ನೆದರ್ಲೆಂಡ್ಸ್‌ನ ರೈತರೊಬ್ಬರ ಕೊಟ್ಟಿಗೆಯಲ್ಲಿ ಮೊದಲು ವಾಣಿಜ್ಯ ಬಳಕೆಗೆ ಬಂತು. ಹಸು ತನಗೆ ಬೇಕೆನಿಸಿದಾಗ ತಾನೇ ಅಂಕಣದೊಳಗೆ ಬರುತ್ತದೆ. ಕೊರಳಪಟ್ಟಿಯ ಸಾಧನದಿಂದ ಇದು ಯಾವ ಹಸು ಎಂದು ಯಂತ್ರ ಗುರುತಿಸಿ, ಅದರ ಪಾಲಿನ ದಾಣಿ ಹಾಕುತ್ತದೆ. ತೊಟ್ಟುಗಳನ್ನು ತೊಳೆದು, ಲೇಸರ್ ಕಿರಣದಿಂದ ಅವುಗಳ ಜಾಗ ಹುಡುಕಿ, ಒಂದೊಂದಾಗಿ ಬಟ್ಟಲು ಜೋಡಿಸುತ್ತದೆ. ಹಾಲು ನಿಂತ ತೊಟ್ಟಿನಿಂದ ಬಟ್ಟಲನ್ನು ತೆಗೆಯುತ್ತದೆ.

ಇದರಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ಕೆಚ್ಚಲು ಬಾವು ಬಂದಾಗ ಹಾಲಿನಲ್ಲಿ ಉಪ್ಪಿನಂಶ ಹೆಚ್ಚುತ್ತದೆ. ಆಗ ಅದರಲ್ಲಿ ವಿದ್ಯುತ್ ಹೆಚ್ಚು ಸುಲಭವಾಗಿ ಹರಿಯುತ್ತದೆ. ರೋಬೋಟ್ ಇದನ್ನು ಪ್ರತಿ ತೊಟ್ಟಿನಲ್ಲೂ ಅಳೆದು, ಅನುಮಾನ ಬಂದ ಹಾಲನ್ನು ಬೇರೆ ಪಾತ್ರೆಗೆ ತಿರುಗಿಸಿ ಮಾಲೀಕರಿಗೆ ಎಚ್ಚರಿಕೆ ಕೊಡುತ್ತದೆ. ತಾನಾಗಿ ನಿಲ್ಲುವ ಮಗ್ಗದ ತತ್ವವೇ ಇಲ್ಲಿ ಕೆಚ್ಚಲಿಗೆ ಬಂದಿದೆ.

ಆದರೆ ಇಂಥ ಒಂದು ರೋಬೋಟ್ ಸುಮಾರು 60ರಿಂದ 70 ಹಸುಗಳಿಗೆ ಆಗುವಂಥದು. ಬಿಟ್ಟೂಬಿಡದ ವಿದ್ಯುತ್, ಕರೆದಾಗ ಬರುವ ತಂತ್ರಜ್ಞರು, ಬಿಡುಬೀಸಾಗಿ ಓಡಾಡುವ ಹಸುಗಳು ಬೇಕು. ಕೂಲಿ ಬಲು ದುಬಾರಿಯಾದ ದೇಶಕ್ಕೆ ಅದು ಸರಿ. ನಾಲ್ಕು ಹಸುಗಳ ಮನೆ ಅದಕ್ಕಾಗಿ ಸಾಲ ಮಾಡುವುದು ಸರಿಯಲ್ಲ.

ನಮ್ಮ ಕೊಟ್ಟಿಗೆಗೆ ನಮ್ಮ ರೋಬೋಟ್

ಸಭೆ ಮುಗಿದ ಮೇಲೆ ಆ ಯುವಕನಿಗೆ ಒಂದು ಕೆಲಸ ಹೇಳಿದೆ. "ಕಾರ್ಖಾನೆಯಲ್ಲಿ ಕಲಿತದ್ದನ್ನು ಬಿಡಬೇಡಪ್ಪ. ಒಂದು ದಿನ ಹಾಳೆ ಪೆನ್ನು ಹಿಡಿದು ನಿಮ್ಮವ್ವನ ಹಿಂದೆ ಸುತ್ತು. ಮಾಡಿದ ಕೆಲಸವನ್ನೆಲ್ಲ ಬರೆದುಕೊಂಡು ಬಾ" ಎಂದೆ. ವಾರದ ನಂತರ ಅವನು ತಂದ ಪಟ್ಟಿ ನೋಡಿ ನಾನೇ ಬೆರಗಾದೆ. ನಾಲ್ಕು ಹಸುಗಳಿಗೆ ದಿನಕ್ಕೆ ಸುಮಾರು 240 ಲೀಟರ್ ನೀರು. 12 ಲೀಟರಿನ ಬಕೆಟ್ಟಿನಲ್ಲಿ 20 ಸಲ ನಲ್ಲಿಯಿಂದ ಕೊಟ್ಟಿಗೆಗೆ ಹೊರಬೇಕು. ಹಾಲು ಕರೆಯುವುದಕ್ಕಿಂತ ಹೆಚ್ಚು ದಣಿವು ಅದರಲ್ಲಿತ್ತು. ಹೊರುವುದು ಕಷ್ಟವೆಂದು ಹಸುಗಳಿಗೆ ಎರಡೇ ಹೊತ್ತು ನೀರು ಸಿಗುತ್ತಿತ್ತು. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಎಂಬುದನ್ನು ನಾವು ಮರೆಯಬಾರದು.

ಅವನು ಪೈಪ್ ಎಳೆದು, ಗೋದಲಿಯ ಪಕ್ಕ ತೊಟ್ಟಿ ಕಟ್ಟಿ, ಅದಕ್ಕೊಂದು ತೇಲುವ ಚೆಂಡಿನ ವಾಲ್ವ್ ಹಾಕಿದ. ತೊಟ್ಟಿ ತುಂಬಿದರೆ ನೀರು ತಾನಾಗಿ ನಿಲ್ಲುತ್ತದೆ, ಹಸು ಕುಡಿದರೆ ತಾನಾಗಿ ಬರುತ್ತದೆ. ವಿದ್ಯುತ್ ಬೇಡ, ಕಾವಲು ಬೇಡ. ಜಪಾನಿನ ಕಾರ್ಖಾನೆಗಳಲ್ಲೂ ಹೀಗೆ ಭಾರ, ಇಳಿಜಾರು, ಸನ್ನೆಗಳನ್ನು ಬಳಸಿ ಕಡಿಮೆ ಖರ್ಚಿನ ಸಾಧನ ಮಾಡಿಕೊಳ್ಳುವ ಪದ್ಧತಿ ಇದೆ. ಅದನ್ನು 'ಕರಕುರಿ' ಎನ್ನುತ್ತಾರೆ.

ಸದಸ್ಯರೆಲ್ಲರೂ ಮಾಡಬಹುದಾದ ಕೆಲವು ಕೆಲಸಗಳನ್ನು ಕೆಳಗೆ ಕೊಟ್ಟಿದೆ.

1. ಪ್ರತಿ ಹೊತ್ತೂ ಪ್ರತಿ ತೊಟ್ಟಿನ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಿ. ಗಂಟು, ನೀರಿನಂಥ ಹಾಲು, ರಕ್ತ ಕಂಡರೆ ಅಲ್ಲೇ ನಿಲ್ಲಿಸಿ. ಆ ಹಾಲನ್ನು ಕ್ಯಾನಿಗೆ ಸೇರಿಸಬೇಡಿ. ಕೂಡಲೇ ಪಶುವೈದ್ಯರಿಗೆ ತಿಳಿಸಿ.

2. ಬಟ್ಟೆ, ಬಕೆಟ್, ಹಗ್ಗ, ತೊಟ್ಟು ಅದ್ದುವ ಅಯೋಡಿನ್ ದ್ರಾವಣ, ಎಲ್ಲವನ್ನೂ ಕೆಚ್ಚಲು ಮುಟ್ಟುವ ಮೊದಲೇ ಕೈಗೆಟುಕುವಂತೆ ಇಟ್ಟುಕೊಳ್ಳಿ. ಮೊದಲು ಕರು ಹಾಕಿದ ಕಡಸು, ಆಮೇಲೆ ಆರೋಗ್ಯವಂತ ಹಸುಗಳು, ಕೊನೆಗೆ ಕಾಯಿಲೆಯ ಹಸು, ಹೀಗೆ ಕರೆಯುವ ಸರದಿ ಇರಲಿ.

3. ಬೆದೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, 21ನೇ ದಿನಕ್ಕೆ ಗುರುತು ಹಾಕಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ.

4. ಹಳೆಯ ಪಶು ಆಹಾರದ ಮೂಟೆ ಮೊದಲು, ಹೊಸದು ಆಮೇಲೆ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

5. ಸಂಘದಲ್ಲಿ ಹಾಲು ತಿರಸ್ಕೃತವಾದರೆ ಪರೀಕ್ಷಕರ ಮೇಲೆ ರೇಗಬೇಡಿ. ಓನೋ ಅವರು ಕಲಿಸಿದಂತೆ 'ಏಕೆ?' ಎಂದು ಐದು ಸಲ ಕೇಳಿಕೊಳ್ಳಿ. ಹಾಲು ಏಕೆ ಒಡೆಯಿತು? ಕ್ಯಾನಿನಲ್ಲಿ ಹುಳಿ ಇತ್ತು. ಏಕೆ? ರಾತ್ರಿ ಬರೀ ತಣ್ಣೀರಲ್ಲಿ ಗಲಬರಿಸಿದ್ದೆವು. ಏಕೆ? ಬಿಸಿನೀರು ಇರಲಿಲ್ಲ. ಏಕೆ? ಒಲೆ ಆರಿಸಿದ ಮೇಲೆ ಕ್ಯಾನು ಮನೆಗೆ ಬರುತ್ತದೆ. ಏಕೆ? ಕ್ಯಾನು ತರುವವರು ಹೊತ್ತು ಕಳೆದು ಬರುತ್ತಾರೆ. ಈಗ ಮದ್ದು ಎಲ್ಲಿದೆಯೆಂದು ನಿಮಗೇ ತಿಳಿಯುತ್ತದೆ.

ಇಷ್ಟನ್ನು ಮೂರು ತಿಂಗಳು ಬಿಡದೆ ಮಾಡಿ. ಆಮೇಲೂ ಕೈ ಸಾಲದಿದ್ದರೆ, ಹಸುಗಳ ಸಂಖ್ಯೆ ಹೆಚ್ಚಿದ್ದರೆ, ಹಾಲು ಕರೆಯುವ ಯಂತ್ರವನ್ನೋ ಮೇವು ಕತ್ತರಿಸುವ ಯಂತ್ರವನ್ನೋ ಧಾರಾಳವಾಗಿ ತನ್ನಿ. ಕೊಳ್ಳುವ ಮೊದಲು ಒಂದು ಮಾತು ಕಾರ್ಯದರ್ಶಿಯವರ ಮೂಲಕ ನನಗೆ ತಿಳಿಸಿ. ಈ ಸಲ ನಿಮ್ಮ ಕೊಟ್ಟಿಗೆಯಲ್ಲಿ ಒಂದು ಹೊತ್ತು ಕೂತು, ನೋಡಿ, ಆಮೇಲೆ ಸಲಹೆ ಹೇಳುತ್ತೇನೆ.